ಹವಾಮಾನ ಬದಲಾವಣೆ: ನಮ್ಮ ಕೈಲಾಗುವ ಕೆಲಸ ದೊಡ್ಡದರಿಂದಲೇ ಶುರುವಾಗಲಿ

ಚಾರ್ಜರ್ ಪ್ಲಗ್‌ನಿಂದ ತೆಗೆಯಿರಿ, ಲೈಟ್ ಆರಿಸಿ, ಅಂಗಡಿಗೆ ಬಟ್ಟೆ ಚೀಲ ಹಿಡಿದು ಹೋಗಿ. ಹವಾಮಾನ ಬದಲಾವಣೆ ಅಂದ ತಕ್ಷಣ ಈ ಮೂರು ಸಲಹೆ ಎಲ್ಲರ ಬಾಯಲ್ಲೂ ಬರುತ್ತವೆ. ಇವು ತಪ್ಪಲ್ಲ. ಆದರೆ ಇಷ್ಟು ಮಾಡಿ ನನ್ನ ಪಾಲಿನದು ಮುಗಿಯಿತು ಅಂದುಕೊಂಡರೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ನಮ್ಮ ದಿನನಿತ್ಯದ ಬದುಕಿನಿಂದ ಗಾಳಿಗೆ ಸೇರುವ ಕಾರ್ಬನ್‌ನಲ್ಲಿ ದೊಡ್ಡ ಪಾಲು ಬರುವುದು ನಾಲ್ಕೇ ಕಡೆಯಿಂದ. ಮನೆಯಲ್ಲಿ ಬಿಸಿ ಮಾಡುವುದು ಮತ್ತು ತಂಪು ಮಾಡುವುದು, ಓಡಾಟ, ಊಟ, ಹೊಸ ವಸ್ತುಗಳ ಖರೀದಿ. ಅಲ್ಲಿ ಕೈ ಹಾಕದೆ ಬೇರೆ ಏನು ಮಾಡಿದರೂ ಲೆಕ್ಕ ಜಾಸ್ತಿ ಇಳಿಯುವುದಿಲ್ಲ.

ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಕಾರ್ಬನ್ ಡೈಆಕ್ಸೈಡ್, ಅಂದರೆ ಭೂಮಿಯ ಶಾಖ ಹಿಡಿದಿಡುವ ಅನಿಲ, ಇತ್ತು. ಈಗ ಅದು 420 ದಾಟಿದೆ. ಭೂಮಿ ಬಿಸಿಯಾಗುವುದನ್ನು ಕಾರ್ಖಾನೆಗಳ ಕಾಲಕ್ಕಿಂತ ಮುಂಚಿನದಕ್ಕೆ ಹೋಲಿಸಿ 1.5 ಡಿಗ್ರಿಯೊಳಗೆ ಹಿಡಿದಿಡಲು ಪ್ರಯತ್ನಿಸುತ್ತೇವೆ ಅಂತ 2015ರಲ್ಲಿ ದೇಶಗಳೆಲ್ಲ ಪ್ಯಾರಿಸ್‌ನಲ್ಲಿ ಒಪ್ಪಿದ್ದವು. 2024ರಲ್ಲಿ ಮೊದಲ ಸಲ ಇಡೀ ವರ್ಷದ ಸರಾಸರಿಯೇ ಆ ಗೆರೆ ದಾಟಿತು. ಒಪ್ಪಂದದಲ್ಲಿ ಹೇಳಿರುವುದು ಹಲವು ವರ್ಷಗಳ ಸರಾಸರಿ, ಹಾಗಾಗಿ ಒಂದು ವರ್ಷ ದಾಟಿದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ಅಲ್ಲ. ಆದರೆ ನಮ್ಮ ಹತ್ತಿರ ಸಮಯ ಕಮ್ಮಿ ಇದೆ.

ನಾನೊಬ್ಬ ಮಾಡಿದರೆ ಏನಾಗುತ್ತೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2022ರ ವರದಿ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಜನ ಏನು ತಿನ್ನುತ್ತಾರೆ, ಹೇಗೆ ಓಡಾಡುತ್ತಾರೆ, ಮನೆಯಲ್ಲಿ ಎಷ್ಟು ಶಕ್ತಿ ಬಳಸುತ್ತಾರೆ ಅನ್ನುವುದು ಬದಲಾದರೆ 2050ರ ಹೊತ್ತಿಗೆ ಈ ಕ್ಷೇತ್ರಗಳ ಹೊರಸೂಸುವಿಕೆಯನ್ನು (ಗಾಳಿಗೆ ಬಿಡುವ ಇಂಥ ಅನಿಲಗಳನ್ನು) ಶೇ. 40ರಿಂದ 70ರಷ್ಟು ಇಳಿಸಬಹುದು ಅಂತ ಅದು ಹೇಳುತ್ತದೆ. ಜೊತೆಗೆ ಒಂದು ಷರತ್ತೂ ಇದೆ. ಸರಿಯಾದ ಕಾನೂನು, ಬಸ್ಸು, ರೈಲು, ಶುದ್ಧ ಕರೆಂಟ್ ಇವೆಲ್ಲ ಜೊತೆಗೂಡಬೇಕು. ಅಂದರೆ ಮನೆಯೊಳಗಿನ ಕೆಲಸವೂ ಬೇಕು, ಹೊರಗಿನ ಕೆಲಸವೂ ಬೇಕು.

ಮೊದಲು ಬಿಲ್ ಹುಡುಕಿ

ಒಂದು ತಿಂಗಳ ಕರೆಂಟ್ ಬಿಲ್ ತೆಗೆದು ಯೂನಿಟ್ ಎಷ್ಟು ಅಂತ ನೋಡಿ. ವಾಹನಕ್ಕೆ ಎಷ್ಟು ಲೀಟರ್ ಇಂಧನ ಹಾಕಿಸಿದಿರಿ ಅಂತ ಬರೆಯಿರಿ. ಕಳೆದ ವರ್ಷ ಎಷ್ಟು ಸಲ ವಿಮಾನ ಹತ್ತಿದಿರಿ, ಯಾವ ದೊಡ್ಡ ವಸ್ತು ಹೊಸದಾಗಿ ಕೊಂಡಿರಿ ಅನ್ನುವುದನ್ನೂ ಸೇರಿಸಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಡೀಸೆಲ್‌ನಿಂದ ಸುಮಾರು 2.7 ಕಿಲೋ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲ್‌ನಿಂದ ಇಷ್ಟೊಂದು ಹೇಗೆ ಅಂತ ಆಶ್ಚರ್ಯ ಆಗಬಹುದು. ಉರಿಯುವಾಗ ಅದರಲ್ಲಿನ ಕಾರ್ಬನ್ ಗಾಳಿಯ ಆಕ್ಸಿಜನ್ ಜೊತೆ ಸೇರಿಕೊಳ್ಳುತ್ತದೆ, ಅದಕ್ಕೇ ತೂಕ ಏರುತ್ತದೆ. ಕಲ್ಲಿದ್ದಲಿನಿಂದ ಬಂದ ಕರೆಂಟ್ ಆದರೆ ಯೂನಿಟ್ಟಿಗೆ ಹತ್ತಿರಹತ್ತಿರ ಒಂದು ಕಿಲೋ ಅಂತ ಹಿಡಿಯಿರಿ. ಸೌರಶಕ್ತಿ, ಗಾಳಿ, ಜಲವಿದ್ಯುತ್ ಜಾಸ್ತಿ ಇರುವ ಕಡೆ ಇದು ತುಂಬಾ ಕಮ್ಮಿ.

ಈ ಲೆಕ್ಕ ಪಕ್ಕಾ ಆಗಿರಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾವುದು ದೊಡ್ಡದು ಅಂತ ಗೊತ್ತಾದರೆ ಸಾಕು. ಒಬ್ಬರಿಗೆ ಅದು ಕಾರ್ ಆಗಿರುತ್ತದೆ, ಇನ್ನೊಬ್ಬರಿಗೆ ಎಸಿ, ಮತ್ತೊಬ್ಬರಿಗೆ ವರ್ಷಕ್ಕೆರಡು ವಿಮಾನ ಪ್ರಯಾಣ. ಎಲ್ಲರಿಗೂ ಒಂದೇ ಪಟ್ಟಿ ಕೊಡುವುದು ಇದಕ್ಕೇ ಸರಿಹೋಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಜಗತ್ತಿನ ಅತಿ ಶ್ರೀಮಂತ ಶೇ. 10ರಷ್ಟು ಜನರಿಂದಲೇ ಸುಮಾರು ಅರ್ಧದಷ್ಟು ಹೊರಸೂಸುವಿಕೆ ಆಗುತ್ತಿದೆ. ಬಸ್ಸಿನಲ್ಲೇ ಓಡಾಡುವ, ಒಂದೇ ಫ್ಯಾನ್ ಇರುವ ಮನೆಯವರು ಇದನ್ನೆಲ್ಲ ಓದಿ ತಪ್ಪಿತಸ್ಥ ಭಾವನೆ ಇಟ್ಟುಕೊಳ್ಳಬೇಕಾಗಿಲ್ಲ. ಅವರು ಕೊನೆಯಲ್ಲಿರುವ ಭಾಗಕ್ಕೆ ನೇರ ಹೋಗಬಹುದು.

ಬಿಸಿ ಮತ್ತು ತಂಪು

ಮನೆಯಲ್ಲಿ ಕರೆಂಟ್ ತಿನ್ನುವುದು ಯಾವುದು ಅಂತ ತಿಳಿಯಲು ಒಂದೇ ಸೂತ್ರ ನೆನಪಿಡಿ. ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳೇ ಜಾಸ್ತಿ ತಿನ್ನುತ್ತವೆ. 20 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 0.6 ಯೂನಿಟ್‌ಗಿಂತ ಸ್ವಲ್ಪ ಕಮ್ಮಿ ಬೇಕು. ಅಷ್ಟೇ ಕರೆಂಟಿನಲ್ಲಿ ಫೋನನ್ನು ಸುಮಾರು ಒಂದು ತಿಂಗಳು ದಿನಾ ಪೂರ್ತಿ ಚಾರ್ಜ್ ಮಾಡಬಹುದು. ಚಾರ್ಜರ್ ಬಗ್ಗೆ ತಲೆ ಕೆಡಿಸಿಕೊಂಡು ಸ್ನಾನಕ್ಕೆ ಅರ್ಧ ಗಂಟೆ ಬಿಸಿನೀರು ಬಿಟ್ಟರೆ ಏನು ಪ್ರಯೋಜನ, ಹೇಳಿ?

ಹಾಗಾಗಿ ಇಲ್ಲಿಂದ ಶುರು ಮಾಡಿ. ವಾಟರ್ ಹೀಟರ್ ಬೇಕಾದಾಗ ಮಾತ್ರ ಹಾಕಿ, ಕಮ್ಮಿ ನೀರು ಬಿಡುವ ಶವರ್ ಹಾಕಿಸಿ. ಸ್ವಂತ ಚಾವಣಿ ಇದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಚಳಿ ದೇಶದಲ್ಲಿದ್ದು ಮನೆಯನ್ನೇ ಬೆಚ್ಚಗಿಡಬೇಕಾದವರಿಗೆ ಹೀಟ್ ಪಂಪ್ ಒಳ್ಳೆಯ ದಾರಿ. ಅದು ಹೊರಗಿನ ಶಾಖವನ್ನೇ ಎಳೆದು ಒಳಗೆ ತರುವುದರಿಂದ ಒಂದು ಯೂನಿಟ್ ಕರೆಂಟಿಗೆ ಸಾಮಾನ್ಯವಾಗಿ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ವಾಷಿಂಗ್ ಮಷೀನಿನಲ್ಲಿ ತಣ್ಣೀರನ್ನೇ ಬಳಸಿ. ಬಿಸಿನೀರಲ್ಲಿ ಒಗೆಯುವಾಗ ಖರ್ಚಾಗುವ ಶಕ್ತಿಯಲ್ಲಿ ಬಹುಪಾಲು ಬಟ್ಟೆ ತಿರುಗಿಸುವುದಕ್ಕಲ್ಲ, ನೀರು ಕಾಯಿಸುವುದಕ್ಕೇ ಹೋಗುತ್ತದೆ. ಅಡುಗೆಗೆ ಇಂಡಕ್ಷನ್ ಒಲೆ ಬಳಸಿದರೆ ಶಾಖ ನೇರವಾಗಿ ಪಾತ್ರೆಗೇ ಹೋಗುತ್ತದೆ. ಗ್ಯಾಸ್ ಒಲೆಯಲ್ಲಿ ಶಾಖದ ದೊಡ್ಡ ಪಾಲು ಸುತ್ತಲಿನ ಗಾಳಿಗೆ ಹೋಗುತ್ತದೆ. ಯಾವ ಒಲೆಯಾದರೂ ಪಾತ್ರೆಗೆ ಮುಚ್ಚಳ ಹಾಕಿ.

ಎಸಿ ವಿಷಯದಲ್ಲಿ ಜನ ಮಾತಾಡದ ಒಂದು ಸಂಗತಿ ಇದೆ, ಸ್ವಲ್ಪ ಗಮನ ಕೊಟ್ಟು ಓದಿ. ಎಸಿ ತಿನ್ನುವ ಕರೆಂಟ್ ಎಲ್ಲರಿಗೂ ಗೊತ್ತು. ಅದರೊಳಗಿನ ಗ್ಯಾಸ್ ಬಗ್ಗೆ ಗೊತ್ತಿಲ್ಲ. ಹಲವು ಎಸಿಗಳಲ್ಲಿ ಇರುವ ಆರ್-410ಎ ಅನ್ನುವ ಗ್ಯಾಸ್, ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಒಂದೇ ಒಂದು ಕಿಲೋ ಸೋರಿದರೂ ಸುಮಾರು 900 ಲೀಟರ್ ಪೆಟ್ರೋಲ್ ಉರಿಸಿದಷ್ಟು ಹಾನಿ! ಎಸಿ ಆಗಾಗ ಗ್ಯಾಸ್ ಕಳೆದುಕೊಳ್ಳುತ್ತಿದ್ದರೆ ಸುಮ್ನೆ ತುಂಬಿಸುತ್ತಾ ಹೋಗಬೇಡಿ, ಲೀಕ್ ಎಲ್ಲಿದೆ ಅಂತ ಹುಡುಕಿಸಿ ಮುಚ್ಚಿಸಿ. ಹಳೆಯ ಎಸಿ ಬಿಚ್ಚಿಸುವಾಗ, ಜಾಗ ಬದಲಿಸುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಳ್ಳುತ್ತೀರಾ ಅಂತ ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ. ಇಲ್ಲ ಅಂದರೆ ಬೇರೆಯವರನ್ನು ಕರೆಯಿರಿ. ಹೊಸದು ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಗ್ಯಾಸ್ ಹೆಸರು ನೋಡಿ. ಆರ್-32 ಇದ್ದರೆ ಆರ್-410ಎಯ ಮೂರನೇ ಒಂದು ಭಾಗದಷ್ಟೇ ಹಾನಿ. ಆರ್-290 ಅಂದರೆ ಪ್ರೊಪೇನ್, ಅದರ ಹಾನಿ ಇನ್ನೂ ಎಷ್ಟೋ ಕಮ್ಮಿ. ಆರ್-410ಎ, ಆರ್-32ನಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ಇಳಿಸಲು 2016ರಲ್ಲಿ ಆಫ್ರಿಕಾದ ರುವಾಂಡಾ ದೇಶದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡಿವೆ. ಆದರೆ ಈಗಾಗಲೇ ಗೋಡೆಯ ಮೇಲೆ ಕೂತಿರುವ ಎಸಿಯನ್ನು ನೋಡಿಕೊಳ್ಳಬೇಕಾದವರು ನಾವೇ.

ಎಸಿ ಜೊತೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಮೇಲಿಟ್ಟರೂ ಹಾಯಾಗಿರುತ್ತದೆ. ಬಿಸಿಲು ಬೀಳುವ ಕಿಟಕಿಗೆ ಹೊರಗಿನಿಂದಲೇ ನೆರಳು ಮಾಡಿ. ಗಾಜು ದಾಟಿ ಒಳಬಂದ ಬಿಸಿಲನ್ನು ಪರದೆ ಪೂರ್ತಿ ತಡೆಯಲಾರದು. ಬಾಡಿಗೆ ಮನೆಯಲ್ಲಿದ್ದರೂ ಬಾಗಿಲು, ಕಿಟಕಿಯ ಸಂದು ಮುಚ್ಚಬಹುದು, ಎಲ್‌ಇಡಿ ಬಲ್ಬು ಹಾಕಬಹುದು, ಮನೆ ಬದಲಿಸಿದರೆ ಅದನ್ನು ಜೊತೆಗೇ ಒಯ್ಯಬಹುದು. ಆದರೆ ಬಿಸಿಗಾಳಿಯ ದಿನಗಳಲ್ಲಿ ಮನೆಯಲ್ಲಿ ವಯಸ್ಸಾದವರು, ಪುಟ್ಟ ಮಕ್ಕಳು, ಕಾಯಿಲೆಯವರು ಇದ್ದರೆ ಉಳಿತಾಯದ ಹೆಸರಲ್ಲಿ ಎಸಿ ಆರಿಸಬೇಡಿ. ಅತಿಯಾದ ಬಿಸಿ ಜೀವ ತೆಗೆಯುತ್ತದೆ. ಉಳಿತಾಯ ಬೇರೆ ಕಡೆ ಮಾಡೋಣ.

ಓಡಾಟ

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶ್ರೀಮಂತ ದೇಶಗಳ ಜನರ ಬದುಕನ್ನು ಇಟ್ಟುಕೊಂಡು ಒಬ್ಬೊಬ್ಬರ ಕೆಲಸದಿಂದ ಎಷ್ಟು ಉಳಿಯುತ್ತದೆ ಅಂತ ಹೋಲಿಸಿತು. ಕಾರ್ ಇಲ್ಲದೆ ಬದುಕಿದರೆ ವರ್ಷಕ್ಕೆ ಸುಮಾರು 2.4 ಟನ್ ಕಾರ್ಬನ್ ಡೈಆಕ್ಸೈಡ್‌ನಷ್ಟು ಉಳಿತಾಯ. ಅಟ್ಲಾಂಟಿಕ್ ಸಾಗರ ದಾಟಿ ಹೋಗಿಬರುವ ಒಂದು ವಿಮಾನ ಪ್ರಯಾಣ ಬಿಟ್ಟರೆ ಸುಮಾರು 1.6 ಟನ್. ಕಸ ಬೇರ್ಪಡಿಸಿ ಮರುಬಳಕೆಗೆ ಕೊಡುವುದರಿಂದ ಸುಮಾರು 0.2 ಟನ್. ಕಸ ಬೇರ್ಪಡಿಸುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ವಿಮಾನ ಟಿಕೆಟ್ ಎಷ್ಟು ಭಾರ ಅಂತ ಇದರಿಂದ ಗೊತ್ತಾಗುತ್ತದೆ.

ಎಲ್ಲರಿಗೂ ಕಾರ್ ಬಿಡಲು ಆಗುವುದಿಲ್ಲ, ಅದು ಸುಳ್ಳಲ್ಲ. ವಾರದಲ್ಲಿ ಪದೇ ಪದೇ ಹೋಗುವ ಒಂದೇ ಒಂದು ದಾರಿಯನ್ನು ಆರಿಸಿಕೊಳ್ಳಿ, ಉದಾಹರಣೆಗೆ ಕೆಲಸಕ್ಕೆ ಹೋಗುವ ದಾರಿ ಅಥವಾ ಮಕ್ಕಳ ಶಾಲೆಯ ದಾರಿ. ಅದನ್ನು ಮಾತ್ರ ಬದಲಿಸಿ. ಹತ್ತಿರವಾದರೆ ನಡಿಗೆ ಅಥವಾ ಸೈಕಲ್, ದೂರವಾದರೆ ಬಸ್ಸು, ರೈಲು. ಅದೂ ಆಗದಿದ್ದರೆ ಅದೇ ದಾರಿಯವರನ್ನು ಜೊತೆಗೆ ಕೂರಿಸಿಕೊಳ್ಳಿ, ಇಬ್ಬರಾದರೆ ತಲೆಗೆ ಅರ್ಧ, ನಾಲ್ವರಾದರೆ ಕಾಲು. ಚಿಕ್ಕ ದೂರಗಳನ್ನು ಮೊದಲು ಬಿಡಿ. ಎಂಜಿನ್ ತಣ್ಣಗಿರುವಾಗ ಕಿಲೋಮೀಟರಿಗೆ ಇಂಧನ ಜಾಸ್ತಿ ಬೇಕು. ವಾಹನ ಹೇಗೂ ಬದಲಿಸಬೇಕಾದ ಸಮಯ ಬಂದರೆ ಎಲೆಕ್ಟ್ರಿಕ್ ನೋಡಿ, ಅದೂ ಆದಷ್ಟು ಚಿಕ್ಕದು. ವಿಮಾನದ ವಿಷಯಕ್ಕೆ ಬಂದರೆ, ಮುಂದಿನ ಪ್ರಯಾಣ ಬುಕ್ ಮಾಡುವ ಮುಂಚೆ ರಾತ್ರಿ ರೈಲು ಇದೆಯಾ, ವಿಡಿಯೊ ಕಾಲ್‌ನಲ್ಲಿ ಮುಗಿಯುತ್ತಾ, ಎರಡು ಚಿಕ್ಕ ಪ್ರವಾಸದ ಬದಲು ಒಂದೇ ದೊಡ್ಡ ಪ್ರವಾಸ ಮಾಡಬಹುದಾ ಅಂತ ಕೇಳಿಕೊಳ್ಳಿ.

ಊಟ, ಅದರಲ್ಲೂ ಬಿಸಾಡುವ ಊಟ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತು ಬಿಸಾಡಿದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಹೋಟೆಲಿನಿಂದಲ್ಲ, ಅಂಗಡಿಯಿಂದಲ್ಲ, ಮನೆಗಳಿಂದ ಬಂದದ್ದು. ಬೆಳೆಯಲು ಹಾಕಿದ ನೀರು, ಗೊಬ್ಬರ, ಸಾಗಿಸಲು ಉರಿಸಿದ ಇಂಧನ ಎಲ್ಲ ದಂಡ. ಜೊತೆಗೆ ಕಸದ ಗುಡ್ಡೆಯ ಒಳಗೆ ಗಾಳಿ ಸಿಗದೆ ಕೊಳೆತಾಗ ಮೀಥೇನ್ ಅನ್ನುವ, ಶಾಖ ಹಿಡಿದಿಡುವ ಅನಿಲ ಹುಟ್ಟುತ್ತದೆ. ಮೊದಲ 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಲವಾದದ್ದು. ಒಳ್ಳೆಯ ಸುದ್ದಿ ಏನಂದರೆ ಅದು ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಮಾತ್ರ ಉಳಿಯುತ್ತದೆ. ಈಗ ಕಮ್ಮಿ ಮಾಡಿದರೆ ಅದರ ಪರಿಣಾಮವನ್ನು ನಾವೇ ಕಾಣುತ್ತೇವೆ.

ಸಾಮಾನು ತರುವ ಮೊದಲು ಫ್ರಿಜ್ ತೆರೆದು ನೋಡುವುದು, ಹಳೆಯದನ್ನು ಮುಂದಕ್ಕೆ ಇಡುವುದು, ಮೊದಲು ಸ್ವಲ್ಪ ಬಡಿಸಿ ಬೇಕಾದರೆ ಮತ್ತೆ ಬಡಿಸುವುದು, ಉಳಿದದ್ದನ್ನು ಅದೇ ದಿನ ಫ್ರೀಜರಿಗೆ ಹಾಕುವುದು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಇಷ್ಟು ಮಾಡಿದರೂ ಸಿಪ್ಪೆ, ಕಾಳು ತೊಳೆದ ಕಸ ಉಳಿಯುತ್ತದೆ, ಅದನ್ನು ಕಾಂಪೋಸ್ಟ್ ಮಾಡಿ. ಹಸಿ ಕಸದ ಎರಡು ಪಟ್ಟು ಒಣ ಎಲೆ ಅಥವಾ ಹರಿದ ರಟ್ಟು ಹಾಕಿ. ಹಿಂಡಿದ ಒದ್ದೆ ಬಟ್ಟೆಯಷ್ಟು ತೇವ ಇರಲಿ. ವಾರಕ್ಕೊಮ್ಮೆ ಕೈಯಾಡಿಸಿ. ಕೆಟ್ಟ ವಾಸನೆ ಬಂದರೆ ಒಳಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಇನ್ನಷ್ಟು ಒಣ ಎಲೆ ಹಾಕಿ ತಿರುವಿ.

ಏನು ತಿನ್ನುತ್ತೇವೆ ಅನ್ನುವುದು ಎಲ್ಲಿಂದ ಬಂತು ಅನ್ನುವುದಕ್ಕಿಂತ ಮುಖ್ಯ. ದನ, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲೇ ಮೀಥೇನ್ ಹುಟ್ಟುತ್ತದೆ, ಹಾಗಾಗಿ ಅವುಗಳ ಮಾಂಸ ಮತ್ತು ಚೀಸ್‌ನಿಂದ ಆಗುವ ಹೊರಸೂಸುವಿಕೆ ಬೇಳೆಕಾಳುಗಳಿಗಿಂತ ಹತ್ತಾರು ಪಟ್ಟು ಜಾಸ್ತಿ. ಪೂರ್ತಿ ಬಿಡಬೇಕು ಅಂತಿಲ್ಲ, ವಾರದಲ್ಲಿ ಕೆಲವು ಊಟ ಬದಲಿಸಿದರೂ ಫಲ ಇದೆ. ಸಾಗಾಟದ ಪಾಲು ಚಿಕ್ಕದು, ವಿಮಾನದಲ್ಲಿ ಬರುವ ತಾಜಾ ಹಣ್ಣು ತರಕಾರಿಯನ್ನು ಬಿಟ್ಟು.

ಕೊಳ್ಳುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಫೋನಿನ ಇಡೀ ಆಯುಸ್ಸಿನ ಹೊರಸೂಸುವಿಕೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಬಳಸಿ. ಬಟ್ಟೆ, ಪೀಠೋಪಕರಣಗಳಿಗೂ ಇದೇ ಮಾತು. ಮರ ನೆಡಿ, ಖಂಡಿತ ನೆಡಿ, ನೆರಳಿಗೆ, ಹಕ್ಕಿಗಳಿಗೆ, ಮಣ್ಣಿಗೆ. ಆದರೆ ಬೆಳೆದ ಒಂದು ಮರ ವರ್ಷಕ್ಕೆ ಹೀರಿಕೊಳ್ಳುವ ಕಾರ್ಬನ್ ಡೈಆಕ್ಸೈಡ್ ಹತ್ತಿಪ್ಪತ್ತು ಕಿಲೋ ಆಸುಪಾಸು, ಕೆಲವೇ ಲೀಟರ್ ಪೆಟ್ರೋಲ್‌ನ ಲೆಕ್ಕ ಅದು. ಮರ ನೆಟ್ಟಿದ್ದೇನೆ ಅಂತ ವಿಮಾನ ಹತ್ತಿದರೆ ಸರಿಹೋಗುವುದಿಲ್ಲ.

ಮನೆಯಿಂದ ಹೊರಗೆ

ನನ್ನ ಪ್ರಕಾರ ಎಲ್ಲಕ್ಕಿಂತ ತೂಕದ ಕೆಲಸ ಇದು. ಒಬ್ಬರು ಮಾಡಿದ್ದು ಪಕ್ಕದವರಿಗೆ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಮನೆಗಳ ಮೇಲಿನ ಸೋಲಾರ್ ಪ್ಯಾನೆಲ್‌ಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ, ಒಂದು ಪ್ರದೇಶದಲ್ಲಿ ಕೆಲವರು ಹಾಕಿಸಿದರೆ ಅದೇ ಪ್ರದೇಶದ ಬೇರೆಯವರೂ ಹಾಕಿಸುವ ಸಾಧ್ಯತೆ ಏರುತ್ತದೆ ಅಂತ ಕಂಡುಬಂತು. ಹಾಗಾಗಿ ನೀವು ಮಾಡಿದ್ದನ್ನು ಹೇಳಿಕೊಳ್ಳಿ. ಉಪದೇಶ ಬೇಡ. ಎಷ್ಟು ಖರ್ಚಾಯಿತು, ಏನು ತೊಂದರೆ ಬಂತು, ಬಿಲ್ ಎಷ್ಟು ಇಳಿಯಿತು ಅಂತ ಹೇಳಿದರೆ ಜನ ತಾವಾಗಿಯೇ ಕೇಳುತ್ತಾರೆ.

ನೀವು ಈಗಾಗಲೇ ಇರುವ ಗುಂಪುಗಳನ್ನೇ ಬಳಸಿ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಚಾವಣಿಗೆ ಸೋಲಾರ್ ಹಾಕಿಸುವ ಬಗ್ಗೆ, ಕೆಳಗೆ ಸೈಕಲ್ ನಿಲ್ಲಿಸುವ ಜಾಗದ ಬಗ್ಗೆ ಕೇಳಿ. ಆಫೀಸಿನಲ್ಲಿ ವಿಮಾನದ ಬದಲು ರೈಲಿಗೆ ಹೋದವರಿಗೆ ಆ ಸಮಯವನ್ನು ಕೆಲಸದ ಸಮಯ ಅಂತಲೇ ಹಿಡಿಯುತ್ತೀರಾ ಅಂತ ಕೇಳಿ. ನಿಮ್ಮ ಉಳಿತಾಯದ ಹಣ ಕಲ್ಲಿದ್ದಲು, ತೈಲ ಕಂಪನಿಗಳಿಗೆ ಹೋಗುತ್ತಿದೆಯಾ ಅಂತ ಬ್ಯಾಂಕಿಗೆ, ಪಿಂಚಣಿ ನಿಧಿಗೆ ಪತ್ರ ಬರೆಯಿರಿ. ಓಟು ಕೇಳಿಕೊಂಡು ಬಂದವರಿಗೆ ಹವಾಮಾನದ ಬಗ್ಗೆ ಏನು ಮಾಡುತ್ತೀರಿ ಅಂತ ಒಟ್ಟಾರೆ ಪ್ರಶ್ನೆ ಹಾಕಬೇಡಿ, ಅದಕ್ಕೆ ಉತ್ತರ ಸುಲಭ. ಈ ರಸ್ತೆಗೆ ಬಸ್ಸು ಯಾವಾಗ ಬರುತ್ತೆ, ಫುಟ್‌ಪಾತ್ ಯಾವಾಗ ಆಗುತ್ತೆ, ಹಸಿ ಕಸ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿ, ಹೇಳಿದ ತಾರೀಕು ಬರೆದುಕೊಳ್ಳಿ. ಚುನಾವಣೆ ಮುಗಿದ ಮೇಲೆ ಆ ತಾರೀಕು ಹಿಡಿದು ಪತ್ರ ಹಾಕಿ. ಉತ್ತರ ಬರದಿದ್ದರೆ ಇನ್ನೊಂದು ಬರೆಯಿರಿ, ಈ ಸಲ ಅಕ್ಕಪಕ್ಕದ ಹತ್ತು ಮನೆಯವರ ಸಹಿ ಹಾಕಿಸಿ.