86ರ ಫೈಲಾ, 89ರದ್ದಾ?

ನಾನು ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ. ನನಗೆ ಬರುವುದು ಜಾಸ್ತಿ ಜೀವನಾಂಶ, ಜಾಮೀನು, ಜಮೀನು ತಕರಾರು. ಹಾಗಾಗಿ ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದು "ಸಾರ್, ನಮ್ಮಕ್ಕನ್ನ ಭಾವ ಮೆಂಟಲ್ ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದಾರೆ, ಬಿಡಿಸಿಕೊಡಿ" ಅಂದಾಗ ನನಗೆ ಮೊದಲು ಹೊಳೆದದ್ದು ಹೈಕೋರ್ಟು, ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ). ನಮ್ಮ ಸೀನಿಯರ್ ನಕ್ಕರು. "ಮೊದಲು ಹೋಗಿ ಫೈಲ್ ನೋಡಯ್ಯಾ. 86ರಲ್ಲಿ ಸೇರಿಸಿದ್ದಾರಾ, 89ರಲ್ಲಾ ಕೇಳು" ಅಂದರು.

ಅವತ್ತು ರಾತ್ರಿ ಕೂತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿದೆ. 2018ರ ಮೇ 29ರಿಂದ ಜಾರಿಯಲ್ಲಿದ್ದರೂ ಅಲ್ಲಿಯವರೆಗೆ ನಾನು ಅದನ್ನು ತೆರೆದೇ ಇರಲಿಲ್ಲ, ನಾಚಿಕೆಯ ಮಾತು. 86ನೇ ಕಲಂ ಅಂದರೆ ರೋಗಿ ತಾನೇ ಕೇಳಿಕೊಂಡು ಸೇರುವುದು. 89 ಅಂದರೆ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿಯ ಪರವಾಗಿ ನಿಲ್ಲಲು ಗೊತ್ತಾದವರು, ಅರ್ಜಿ ಕೊಟ್ಟು ಸೇರಿಸುವುದು. ಅದಕ್ಕೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಹಾಗಿದ್ದರೂ 30 ದಿನ ಮಾತ್ರ. ಸೇರಿಸಿದ ವಿಷಯವನ್ನು 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ಹೆಂಗಸರು ಮತ್ತು ಮಕ್ಕಳಾದರೆ 3 ದಿನದೊಳಗೆ.

ಮರುದಿನ ಹೋದೆ. ಅದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ರಿಸೆಪ್ಷನ್‌ನಲ್ಲಿ "ಪೇಷಂಟ್ ಯಜಮಾನರು ಹೇಳದೆ ಯಾರನ್ನೂ ಬಿಡಲ್ಲ" ಅಂದರು. ಯಾರನ್ನು ನೋಡಬೇಕು, ಯಾರನ್ನು ಬೇಡ ಅನ್ನುವುದು ರೋಗಿಯ ಹಕ್ಕು, 26ನೇ ಕಲಂ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಕೋಟು ಹಾಕಿಕೊಂಡು ಹೋಗಿದ್ದೇ ಹೆಚ್ಚು ಕೆಲಸ ಮಾಡಿತು. ಎರಡು ಗಂಟೆ ಕಾಯಿಸಿ ಒಳಗೆ ಬಿಟ್ಟರು.

ಆಕೆ ಅಲ್ಲಿ 11 ದಿನದಿಂದ ಇದ್ದರು. ಫೋನು ಗಂಡನ ಹತ್ತಿರ. ವಕಾಲತ್ತಿಗೆ ಸಹಿ ಹಾಕಿಸಿಕೊಂಡು, ಅವರ ಕೈಯಲ್ಲೇ ಫೈಲ್ ಕೇಳಿಸಿದೆ. ಫಾರಂನಲ್ಲಿ ಸ್ವಇಚ್ಛೆಯಿಂದ ಸೇರಿದ್ದು ಎಂದಿತ್ತು. ರೋಗಿಯ ಸಹಿ ಇರಬೇಕಾದ ಜಾಗದಲ್ಲಿ ಗಂಡನ ಸಹಿ!

ಡಾಕ್ಟರು ಕೆಟ್ಟವರೇನಲ್ಲ. "ಮನೆಯವರು ತುಂಬಾ ಅರ್ಜೆಂಟ್ ಮಾಡಿದ್ರು" ಅಂತ ತಲೆ ಕೆರೆದುಕೊಂಡರು. ನಾನು ಜಗಳಕ್ಕೆ ಹೋಗಲಿಲ್ಲ. ಆಕೆಗೆ ಒಂದು ಹಾಳೆ ಕೊಟ್ಟೆ. "ನಾನು ಮನೆಗೆ ಹೋಗಬೇಕು, ಕಳಿಸಿಕೊಡಿ" ಅಂತ ಬರೆದು, ತಾರೀಕು ಮಾತ್ರ ಅಲ್ಲ, ಗಂಟೆಯನ್ನೂ ಹಾಕಿದರು. ಪ್ರತಿಯ ಮೇಲೆ ಆಸ್ಪತ್ರೆಯ ಸೀಲು ಹಾಕಿಸಿಕೊಂಡೆ. ಗಂಟೆ ಯಾಕೆಂದರೆ, ಸ್ವಇಚ್ಛೆಯಿಂದ ಸೇರಿದವರು ಹೋಗುತ್ತೇನೆ ಅಂದರೆ ಬಿಡಬೇಕು. ತಪಾಸಣೆಗೆ ಅಂತ ತಡೆದರೂ 24 ಗಂಟೆ ಮಾತ್ರ. ಇನ್ನೊಂದು ಅರ್ಜಿಯನ್ನು ಮಂಡಳಿಗೆ ಬರೆದಿಟ್ಟುಕೊಂಡಿದ್ದೆ, ಅದಕ್ಕೆ ಶುಲ್ಕವೂ ಇಲ್ಲ. ಬೇಕಾಗಲಿಲ್ಲ, ಮರುದಿನ ಮಧ್ಯಾಹ್ನ ಆಕೆ ಮನೆಗೆ ಹೋದರು.

ಆಕೆಗೆ ಕಾಯಿಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇತ್ತು, ಮಾತ್ರೆ ಬಿಟ್ಟಿದ್ದರು, ಸಾಲ ಮಾಡಿ ಸೀರೆ ಮೇಲೆ ಸೀರೆ ತಂದು ಗುಡ್ಡೆ ಹಾಕಿದ್ದರು. ಗಂಡ ಸೋತುಹೋಗಿದ್ದೂ ನಿಜ. "ಮಾತ್ರೆ ಬೇಡ ಅನ್ನಲ್ಲ ಸಾರ್, ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ವಾ" ಅಂದರು ಅಷ್ಟೇ. ಆಮೇಲೆ ಬಿಳಿ ಹಾಳೆಯ ಮೇಲೆ ತಮ್ಮನನ್ನು ನಾಮನಿರ್ದೇಶಿತ ಪ್ರತಿನಿಧಿ ಅಂತ ಬರೆದುಕೊಟ್ಟರು, ತಮ್ಮ ಒಪ್ಪಿಗೆಯ ಸಹಿ ಹಾಕಿದ. ಹತ್ತು ನಿಮಿಷದ ಕೆಲಸ. ಯಾರನ್ನೂ ಬರೆಯದಿದ್ದರೆ ಆ ಜಾಗಕ್ಕೆ ಮನೆಯವರೇ ಬರುತ್ತಾರೆ.

ಇದಾದ ಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು. ಒಬ್ಬ ತಾಯಿ ಬಂದು ಅದನ್ನು ಇಳಿಸಿದರು. ಅವರ ಮಗನಿಗೆ ಊಟದಲ್ಲಿ ವಿಷ ಹಾಕಿದ್ದಾರೆ ಅನ್ನುವ ಅನುಮಾನ, ದಿನಗಟ್ಟಲೆ ಉಪವಾಸ. ನೀರು ಕುಡಿಯುವುದಕ್ಕೂ ಭಯ. ಅವನು ಬೇಡ ಅಂದರೆ ಬೇಡವೇ ಅಂತ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲವೇನೋ. ಈ ಸಲ ನಾನೇ ಅಮ್ಮನ ಕೈಯಲ್ಲಿ 89ರ ಅರ್ಜಿ ಬರೆಸಿದೆ. ಪರೀಕ್ಷೆ ಎರಡೂ ಆಗಿವೆಯಾ, ಮಂಡಳಿಗೆ ಪತ್ರ ಹೋಗಿದೆಯಾ ಅಂತ ಒಂದೊಂದನ್ನೂ ನೋಡಿದೆ. ಹುಡುಗನಿಗೂ ಹೇಳಿದೆ, ಇದು ನಿನಗೆ ಸರಿ ಕಾಣದಿದ್ದರೆ ಮಂಡಳಿಗೆ ಹೋಗಬಹುದು, ವಕೀಲರ ಫೀಸು ಕೊಡಬೇಕಾಗಿಲ್ಲ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡು ಅಂತ.

ಹತ್ತನೇ ದಿನ ಮಾಡಿಯೇಬಿಟ್ಟ. ನಾನು ನಿಲ್ಲುವ ಹಾಗಿಲ್ಲವಲ್ಲ, ಪ್ರಾಧಿಕಾರ ಬೇರೆ ವಕೀಲರನ್ನು ಕೊಟ್ಟಿತು. ಮಂಡಳಿ ಅವನ ಮಾತು ಪೂರ್ತಿ ಕೇಳಿ ಸದ್ಯಕ್ಕೆ ಇರಲಿ ಅಂದಿತು. ಹದಿನೆಂಟನೇ ದಿನ, ಊಟ ಮಾಡುತ್ತಿದ್ದಾನೆ ಅಂತ ಡಾಕ್ಟರೇ ಕಳಿಸಿದರು. ಮನೆಗೆ ಬಂದವನು ಮೊದಲು ಮಾಡಿದ್ದು ಪ್ರತಿನಿಧಿಯ ಹಾಳೆ ಬರೆದದ್ದು. ಅಮ್ಮನ ಹೆಸರಲ್ಲ, ಅಕ್ಕನ ಹೆಸರು.

ತಾಯಿ ಬಂದು ನನ್ನ ಮುಂದೆ ಅತ್ತರು. "ಇದನ್ನ ರದ್ದು ಮಾಡಿಸೋಕೆ ಬರಲ್ವಾ ಸಾರ್?"

ನಿಮಗೆ ಬೇಜಾರಾಯಿತು ಅಂತ ರದ್ದು ಮಾಡೋಕೆ ಬರಲ್ಲಮ್ಮ ಅಂದೆ.