ತುಕ್ಕು ಹಿಡಿದ ಕೇಪಿನ ಕೋವಿಗೆ ಕೈ ಹಾಕುವ ಮುಂಚೆ

ಮೂಡಿಗೆರೆ ಕಡೆ ಹಳೇ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಇರುವುದು ಹೊಸದೇನಲ್ಲ. ಕೇಪು ಅಂದರೆ ಬಡಿದಾಗ ಕಿಡಿ ಹಾರಿಸಿ ಒಳಗಿನ ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿ. ನಮ್ಮದು ಅಜ್ಜನ ಕಾಲದ್ದು, ಮುಂದಿನ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆ. ಅಪ್ಪಯ್ಯನ ನಂತರ ಲೈಸೆನ್ಸ್ ನನ್ನ ಹೆಸರಿಗಾಯಿತು, ಕೋವಿ ಮಾತ್ರ ತುಕ್ಕು ತಿಂದು ಕೆಂಪಗೆ ಕೂತಿತ್ತು. ಹಾರಿಸುವ ಆಸೆ ನನಗಿರಲಿಲ್ಲ. ಆಯುಧಪೂಜೆಗೆ ಇಡುವಷ್ಟು ಚೆಂದ ಆದರೆ ಸಾಕಿತ್ತು.

ತುಕ್ಕು ಹಿಡಿದದ್ದಕ್ಕೆ ಲೈಸೆನ್ಸ್ ಯಾಕೆ ಅಂತ ಕೇಳುವವರು ಜಾಸ್ತಿ. 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಹಾರದಂಥ ಹಳೇ ಕೋವಿಗೆ. ಉಜ್ಜಿ ರಿಪೇರಿ ಮಾಡಿದರೆ ಹಾರುತ್ತದೆ ಅಂದಮೇಲೆ ಲೈಸೆನ್ಸ್ ಬೇಕೇ ಬೇಕು.

ಇನ್ನು ಮೊದಲ ಕೆಲಸ ತುಕ್ಕಲ್ಲ, ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಮತ್ತು ಚರೆಗುಂಡು, ಇದೆಯಾ ಅಂತ ನೋಡುವುದು. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯಾದರೆ ಮಡಚಿದ ಕೂಡಲೇ ಗೊತ್ತಾಗುತ್ತದೆ, ಇದರಲ್ಲಿ ಹಾಗಿಲ್ಲ. ಹಂದಿ ಬಂದೀತು ಅಂತ ತುಂಬಿ ಗೋಡೆಗೆ ತಗುಲಿಸಿ ಹಾಗೇ ಮರೆತವರು ಬೇಕಾದಷ್ಟು ಜನ, ಮತ್ತೆ ಕರಿಮದ್ದು ನೆನೆಯದಿದ್ದರೆ ಎಷ್ಟು ವರ್ಷ ಕಳೆದರೂ ಕೆಡುವುದಿಲ್ಲ. ನಳಿಗೆಯ ಹಿಂತುದಿಯಲ್ಲಿ ಕೇಪು ಕೂರಿಸುವ ಸಣ್ಣ ಕೊಳವೆಗೆ ನಿಪ್ಪಲ್ ಅನ್ನುತ್ತಾರೆ, ಅದರ ಮೇಲೆ ಹಳೇ ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಕೋವಿಯ ಬಾಯನ್ನು ತೋಟದ ಮಣ್ಣಿನ ಧರೆ ಕಡೆ ತಿರುಗಿಸಿಟ್ಟು, ಎದುರಿಗೆ ಕೈಯಾಗಲಿ ಮುಖವಾಗಲಿ ಬಾರದ ಹಾಗೆ ಬದಿಯಿಂದ ಎರಡು ಬೆರಳಲ್ಲಿ ಮರದ ಕೋಲು ಇಳಿಸಿದೆ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲೇ ಇಟ್ಟು ನೋಡಿದರೆ ಕೋಲಿನ ತುದಿ ನಿಪ್ಪಲ್ ಇರುವ ಜಾಗಕ್ಕೆ ಮುಟ್ಟಲೇ ಇಲ್ಲ. ನಾಲ್ಕು ಬೆರಳಷ್ಟು ಕಡಿಮೆ. ಕಣಜದ ಗೂಡೂ ಇರಬಹುದು, ಈಡೂ ಇರಬಹುದು. ಈಡು ಅಂತಲೇ ತಿಳಿದುಕೊಳ್ಳಬೇಕು.

ಇಂಥಾ ಹೊತ್ತಲ್ಲಿ ಬೆಂಕಿಗೆ ಹಿಡಿಯುವುದು, ಡ್ರಿಲ್ ಹಾಕುವುದು, ನಳಿಗೆಯ ಹಿಂತುದಿ ಮುಚ್ಚಿದ ಬಿರಡೆ ಬಿಚ್ಚುವುದು ಯಾವುದೂ ಬೇಡ. ನಾನು ಲೈಸೆನ್ಸ್ ಪುಸ್ತಕದ ಜೊತೆ ಪೇಟೆಯ ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಮೊದಲು ಒಳಗೆ ನೀರು ತುಂಬಿಸಿ ನೆನೆಯಲು ಬಿಟ್ಟರು, ಆಮೇಲೆ ತಿರುಪು ಮೊನೆಯ ಸಲಾಕೆಯಲ್ಲಿ ಎಳೆದರು. ಮೊದಲು ತೆಂಗಿನ ನಾರಿನ ಉಂಡೆ, ಅದರ ಹಿಂದೆ ಬಿಳಿ ಬೂಷ್ಟು ಹಿಡಿದ ಸೀಸದ ಚರೆ, ಮತ್ತೆ ನಾರು, ಕೊನೆಗೆ ಕರಿ ಕೆಸರು. ನಿಪ್ಪಲ್ಲನ್ನೂ ಅವರೇ ಬಿಚ್ಚಿಕೊಟ್ಟರು. ಲೈಟು ಬಿಟ್ಟು ನೋಡಿ, ಮದ್ದು ಕೂರುವ ಜಾಗದಲ್ಲಿ ಆಳದ ಗುಳಿ ಬಿದ್ದಿದೆ, ಇನ್ನು ಹಾರಿಸಲೇಬೇಡಿ ಅಂದರು.

ಮನೆಯಲ್ಲಿ ನಳಿಗೆ ಬಿಚ್ಚಿ ಹಂಡೆಯ ಬಿಸಿನೀರಿಗೆ ಸೋಪು ಹಾಕಿ ತೊಳೆದೆ. ಎಣ್ಣೆ ಮೊದಲು ಬೇಡ, ಕರಿಮದ್ದಿನ ಮಸಿಯಲ್ಲಿರುವ ಉಪ್ಪು ಕರಗುವುದು ನೀರಿಗೇ. ಆ ಉಪ್ಪು ನಮ್ಮ ಮಳೆಗಾಲದ ಥಂಡಿ ಹೀರಿಕೊಂಡು ಒಳಗಿಂದಲೇ ತುಕ್ಕು ಎಬ್ಬಿಸುತ್ತದೆ. ಬಂದ ನೀರು ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತಿತ್ತು. ಅದು ತಿಳಿಯಾಗುವ ತನಕ ಬಟ್ಟೆ ಸುತ್ತಿದ ಸಲಾಕೆ ಆಡಿಸಿದೆ. ನೀರು ಬಿಸಿ ಇದ್ದಷ್ಟೂ ಕಬ್ಬಿಣ ತಾನೇ ಬೇಗ ಒಣಗುತ್ತದೆ.

ಹೊರಗಿನ ತುಕ್ಕಿಗೆ ಸೀಮೆಎಣ್ಣೆ ಸವರಿ ಬಿಟ್ಟು, ಅತಿ ನಯವಾದ ಸ್ಟೀಲ್ ವುಲ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಕೆಂಪು ಪುಡಿ ಹೋಗಿ ಕಂದು ಬಣ್ಣ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಗ್ರೈಂಡರ್, ಎಮರಿ ಪೇಪರ್, ಆಸಿಡ್ ಹಾಕಿ ಹೊಸ ಪಾತ್ರೆ ಥರ ಮಿರಮಿರ ಮಿಂಚಿಸಿದ ಕೋವಿಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನಂಬರ್ ಕೆತ್ತಿದ ಜಾಗದಲ್ಲಂತೂ ಬರೀ ಬಟ್ಟೆ. ಅದನ್ನು ಅಳಿಸಿದರೆ ಅಪರಾಧ. ಮರಕ್ಕೆ ವಾರ್ನಿಶ್ ಬಳಿಯಲಿಲ್ಲ, ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿದೆ ಅಷ್ಟೇ.

ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ಅದು ಥಂಡಿ ಹಿಡಿದಿಡುತ್ತದೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುತ್ತೇವಲ್ವಾ, ಆಗ ಒರೆಸಿ ಕೊಟ್ಟರೆ ಸಾಲದು, ಒಳಗೂ ಹೊರಗೂ ಗ್ರೀಸ್ ಮೆತ್ತಿಯೇ ಕೊಡಿ.