ಬೆಡ್‌ಗಿಂತ ಮೊದಲು ಚೀಟಿ: ಎಂಡೊಮೆಟ್ರಿಯೋಸಿಸ್ ಆಪರೇಷನ್‌ಗೆ ದಾರಿ ಹೀಗೆ

ಹೈಸ್ಕೂಲಿನಲ್ಲಿದ್ದಾಗ ಪ್ರತಿ ತಿಂಗಳೂ ನನಗೆ ಎರಡು ದಿನ ರಜೆ ಬೀಳುತ್ತಿತ್ತು. ಅಜ್ಜಿ ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿಸುತ್ತಿದ್ದರು. "ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ ಬಿಡವ್ವಾ" ಅನ್ನುತ್ತಿದ್ದರು. ಮದುವೆ ಆಯಿತು, ನೋವು ಹೋಗಲಿಲ್ಲ. ಒಂಬತ್ತು ವರ್ಷ ಮಾತ್ರೆ ನುಂಗಿದ ಮೇಲೆ ಒಬ್ಬ ಡಾಕ್ಟರು ಅದರ ಹೆಸರು ಹೇಳಿದರು: ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ ಇದು. ಅಂಡಾಶಯ, ಕರುಳು, ಮೂತ್ರಕೋಶದ ಮೇಲೆಲ್ಲ ಕೂರುತ್ತದೆ. ಮುಟ್ಟಿನ ಹೊತ್ತಿಗೆ ಅಲ್ಲೂ ರಕ್ತ ಜಿನುಗುತ್ತದೆ, ಆದರೆ ಹೊರಗೆ ಬರಲು ದಾರಿ ಇರುವುದಿಲ್ಲ. ಒಳಗೆ ಉರಿಯೂತವಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ಗಂಟಾಗಿ ನಿಂತರೆ ಅದನ್ನೇ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಮುಟ್ಟಾಗುವ ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಸುಮಾರು 10 ಮಂದಿಗೆ ಇದು ಇದೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೊದಲು ನೋವನ್ನು ಬರೆದಿಡಿ

ಕ್ಯಾಲೆಂಡರ್ ಸಾಕು. ನೋವು ಯಾವ ದಿನ ಬಂತು, ಎಷ್ಟು ಮಾತ್ರೆ ಬೇಕಾಯಿತು, ಕೆಲಸಕ್ಕೆ ಹೋಗಲು ಆಯಿತಾ ಅಂತ ಎರಡು ಮೂರು ತಿಂಗಳು ಬರೆಯಿರಿ. ಮುಟ್ಟಿನಲ್ಲಿ ಮಲ ಮೂತ್ರ ಮಾಡುವಾಗ ನೋವಿದೆಯಾ, ಗಂಡನ ಜೊತೆ ಕೂಡಿದಾಗ ನೋವಿದೆಯಾ ಅನ್ನುವುದನ್ನೂ ಬರೆಯಿರಿ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಆ ಹಾಳೆಯನ್ನೇ ಡಾಕ್ಟರ ಕೈಗೆ ಕೊಡಿ.

ಆಮೇಲೆ ಸರ್ಕಾರಿ ಆಸ್ಪತ್ರೆಗೆ

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹೊಳಲ್ಕೆರೆ, ಹಿರಿಯೂರು ಕಡೆಯವರಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಹೆಂಗಸರ ವಿಭಾಗದ ಒಪಿಡಿ ಚೀಟಿ ಮಾಡಿಸಿ, ಸ್ಕ್ಯಾನ್ ಮಾಡಿಸಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಸಣ್ಣ ಕಲೆಗಳು ಸ್ಕ್ಯಾನಿಗೆ ಸಿಗುವುದಿಲ್ಲ.

ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ನೋವಿನ ಮಾತ್ರೆ, ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆಯಲ್ಲೇ ಎಷ್ಟೋ ಜನ ಸುಧಾರಿಸುತ್ತಾರೆ. ಬೇಗ ಮಗು ಬೇಕು ಅಂತಿದ್ದರೆ ಅದನ್ನು ಮೊದಲೇ ಹೇಳಿ, ಯಾಕೆಂದರೆ ಈ ಹಾರ್ಮೋನ್ ಮಾತ್ರೆ ತಗೊಳ್ಳುವಾಗ ಸಾಮಾನ್ಯವಾಗಿ ಗರ್ಭ ನಿಲ್ಲುವುದಿಲ್ಲ.

ಆಪರೇಷನ್ ಅಂದರೆ ಇಷ್ಟು ಕೇಳಿ

ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಮಾಡುತ್ತೀರಾ? ಸಿಸ್ಟಿನ ನೀರು ಮಾತ್ರ ತೆಗೆಯುತ್ತೀರಾ, ಗೋಡೆಯನ್ನೂ ತೆಗೆಯುತ್ತೀರಾ? ಬರೀ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುವುದು ಜಾಸ್ತಿ. ಅಂಡಾಶಯಕ್ಕೆ ಕೈ ಹಾಕಿದರೆ ಅಲ್ಲಿರುವ ಮೊಟ್ಟೆ (ಅಂಡಾಣು) ಕಡಿಮೆಯಾಗಬಹುದು, ಆ ಬಗ್ಗೆಯೂ ಕೇಳಿ.

ನಮ್ಮ ಕಡೆ "ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇರಲ್ಲ" ಅನ್ನುವ ಮಾತು ಸಲೀಸಾಗಿ ಬರುತ್ತದೆ. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ ಅಲ್ವಾ? ಅದನ್ನು ತೆಗೆದ ಮೇಲೂ ನೋವು ಉಳಿಯಬಹುದು. ಇನ್ನೊಬ್ಬ ಡಾಕ್ಟರನ್ನು ಕೇಳದೆ ದಯವಿಟ್ಟು ಒಪ್ಪಬೇಡಿ.

ದುಡ್ಡಿನ ವಿಷಯ

ನಾವು ಎಡವಿದ್ದು ಇಲ್ಲೇ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಅಂತ ಹೇಳಿದ ಕೂಡಲೇ ಅಡ್ವಾನ್ಸ್ ಕಟ್ಟಿದೆವು, ಅತ್ತೆಯ ಸರ ಗಿರವಿಗೆ ಹೋಯಿತು. ಮನೆಯ ಬೀರುವಿನಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಅದು ಇದಕ್ಕೂ ಆಗುತ್ತದೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇಕಡ 30 ಸರ್ಕಾರ ಕೊಡುತ್ತದೆ, ಉಳಿದದ್ದು ನಮ್ಮ ಕೈಯಿಂದ. ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆಪರೇಷನ್ ಅಲ್ಲೇ ಆಗುವುದಾದರೆ ಒಳ್ಳೆಯದೇ. ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಿರಿ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಆ ಚೀಟಿ ಒಯ್ದು, ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲು ಕಾಣಿ. ಅವರು ನಿಮ್ಮ ಕಾಗದಪತ್ರವನ್ನು ಯೋಜನೆಯ ಒಪ್ಪಿಗೆಗೆ ಕಳಿಸುತ್ತಾರೆ. ಒಪ್ಪಿಗೆ ಬಂದ ಮೇಲೆ ಅಡ್ಮಿಟ್ ಆಗಿ. ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳುವ ಯೋಜನೆ ಇದಲ್ಲ. ಆದ್ದರಿಂದಲೇ ಹೇಳುತ್ತಿದ್ದೇನೆ, ಬೆಡ್‌ಗಿಂತ ಮೊದಲು ಚೀಟಿ. ನಿಮ್ಮ ಆಪರೇಷನ್‌ನ ಹೆಸರು ಪ್ಯಾಕೇಜ್ ಪಟ್ಟಿಯಲ್ಲಿ ಯಾವುದರ ಕೆಳಗೆ ಬರುತ್ತದೆ ಅಂತಲೂ ಆರೋಗ್ಯಮಿತ್ರರನ್ನು ಕೇಳಿ. ಸಹಾಯವಾಣಿ ಸಂಖ್ಯೆ 14555.

ಹಾಲಿನ ಡೈರಿಯದೋ ಬೇರೆ ಸಹಕಾರ ಸಂಘದ್ದೋ ಸದಸ್ಯರಾಗಿದ್ದರೆ ಸಹಕಾರಿಗಳಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನು ವಿಚಾರಿಸಿ. ಅದರ ನೋಂದಣಿ ವರ್ಷವಿಡೀ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಸಂಬಳದಲ್ಲಿ ಇಎಸ್‌ಐ (ನೌಕರರ ವಿಮೆ) ಹಣ ಮುರಿಯುತ್ತಿದ್ದರೆ ಆ ದಾರಿಯೂ ಇದೆ. ಯಾವುದಕ್ಕೂ ಸೇರದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಆಸ್ಪತ್ರೆಯಿಂದ ಖರ್ಚಿನ ಅಂದಾಜು ಪಟ್ಟಿ ಬರೆಸಿಕೊಂಡು ನಿಮ್ಮ ಶಾಸಕರ ಕಚೇರಿಗೆ ಹೋಗಿ ಕೇಳಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಹೊಟ್ಟೆಯ ಮೇಲಿನ ತೂತು ಸಣ್ಣದು ಅಂತ ಮನೆಯವರು ಎರಡೇ ದಿನಕ್ಕೆ ಕೊಡ ಹೊರಿಸಬಾರದು. ಎಷ್ಟು ವಾರ ಭಾರ ಎತ್ತಬಾರದು ಅಂತ ಡಾಕ್ಟರು ಹೇಳುವಾಗ ಗಂಡ, ಅತ್ತೆ ಪಕ್ಕದಲ್ಲಿರಲಿ. ಕಾಯಿಲೆ ಮರಳಿ ಬರುವುದುಂಟು. ಅದಕ್ಕೇ ಕೆಲವರಿಗೆ ಆಮೇಲೂ ಮಾತ್ರೆ ಮುಂದುವರಿಸುತ್ತಾರೆ, ನೋವಿಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಡಿಸ್ಚಾರ್ಜ್ ಚೀಟಿ, ಬಯಾಪ್ಸಿ (ತೆಗೆದ ತುಣುಕಿನ ಪರೀಕ್ಷೆ) ವರದಿ, ಆಪರೇಷನ್‌ನಲ್ಲಿ ಏನು ಕಂಡಿತು ಅನ್ನುವ ಟಿಪ್ಪಣಿ, ಈ ಮೂರನ್ನೂ ಕೇಳಿ ಪಡೆದು ಅದೇ ಕ್ಯಾಲೆಂಡರ್ ಹಾಳೆಯ ಜೊತೆ ಒಂದೇ ಫೈಲಿನಲ್ಲಿಡಿ. ಮುಂದೆ ನೋಡುವ ಡಾಕ್ಟರು ಮೊದಲು ಕೇಳುವುದು ಅವನ್ನೇ.